ಹಳೆಯ ಕಂಪ್ಯೂಟರಿನ ಡಿಸ್ಕು: ಮೊದಲು ಪರೀಕ್ಷೆ, ಆಮೇಲೆ ದುರಸ್ತಿ

ತಿಪಟೂರಿನ ಸುತ್ತಿನ ಮನೆಗಳಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಹತ್ತು ಹನ್ನೊಂದು ತಿಂಗಳು ಬಿಟ್ಟು, ಉಂಡೆ ಕೊಬ್ಬರಿಯಾದ ಮೇಲೆ ಇಳಿಸುವುದು ರೂಢಿ. ಅಂಥದೊಂದು ಅಟ್ಟದಿಂದ ಕೊಬ್ಬರಿಯ ಜೊತೆಗೇ ಇಳಿದ ಒಂದು ಹಳೆಯ 286 ಚಿಪ್ಪಿನ ಕಂಪ್ಯೂಟರು ತುಮಕೂರಿನ ನನ್ನ ಮೇಜಿಗೆ ಬಂತು. ಅದರೊಳಗೆ 20 ಮೆಗಾಬೈಟಿನ ಹಾರ್ಡ್ ಡಿಸ್ಕ್ ಇತ್ತು, ಡಿಸ್ಕಿನಲ್ಲಿ ಒಂದು ಕೊಬ್ಬರಿ ಮಂಡಿಯ ಹಳೆಯ ಖಾತೆಗಳು ಇದ್ದವು. ಮನೆಯ ಹುಡುಗನೊಬ್ಬ ನನಗಿಂತ ಮೊದಲೇ ಯಂತ್ರವನ್ನು ಚಾಲೂ ಮಾಡಿ, ದುರಸ್ತಿಯ ಆಜ್ಞೆ ಕೊಟ್ಟು, ಕೇಳಿದ ಪ್ರಶ್ನೆಗಳಿಗೆಲ್ಲ 'ವೈ' ಒತ್ತಿದ್ದ. 'ಡಿಸ್ಕು ಸರಿಯಾಗಿದೆ ಅಂತಾನೇ ತೋರಿಸ್ತಿದೆ ಸಾರ್, ಖಾತೆ ಮಾತ್ರ ಒಂದೂ ಕಾಣ್ತಿಲ್ಲ' ಎಂದು ಅವರ ಗುಮಾಸ್ತರು ಹೇಳಿದರು. ಅವರು ಹೇಳಿದ ಎರಡು ಮಾತೂ ನಿಜವಾಗಿತ್ತು.

ದುರಸ್ತಿ ಮಾಡುವ ಪ್ರೋಗ್ರಾಮು ಡಿಸ್ಕಿನ ಲೆಕ್ಕವನ್ನು ಸರಿದೂಗಿಸುತ್ತದೆಯೇ ಹೊರತು ಡಿಸ್ಕಿನಲ್ಲಿರುವ ಸರಕನ್ನು ಕಾಯುವುದಿಲ್ಲ. ಗೋದಾಮಿನಲ್ಲಿ ಚೀಲ ಇದೆಯೋ ಇಲ್ಲವೋ ನೋಡದೆ, ಕಿರ್ದಿಗೂ ಖಾತೆಗೂ ತಾಳೆಯಾಗುವಂತೆ ಅಂಕಿ ತಿದ್ದುವ ಲೆಕ್ಕಿಗನ ಹಾಗೆ ಅದು. ಈ ಲೇಖನದ ಕ್ರಮವೆಲ್ಲ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ. ಬಹುಪಾಲು ಮಾತು ವಿಂಡೋಸಿಗಿಂತ ಹಿಂದಿನ, ಆಜ್ಞೆ ಒತ್ತಿ ನಡೆಸುವ ಡಾಸ್ ಯಂತ್ರಗಳದ್ದು, ಕೊನೆಯ ಭಾಗದಲ್ಲಿ ಸ್ವಲ್ಪ ಯುನಿಕ್ಸ್ ಬರುತ್ತದೆ. ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದ್ದೇನೆ. ಚೆಕ್‌ಡಿಸ್ಕ್ (ಡಿಸ್ಕನ್ನು ಪರೀಕ್ಷಿಸುವ, ಬೇಕೆಂದರೆ ತಿದ್ದುವ ಆಜ್ಞೆ) ಎಂದಾಗ ಕೀಲಿಮಣೆಯಲ್ಲಿ ಒತ್ತಬೇಕಾದದ್ದು ಸಿ, ಎಚ್, ಕೆ, ಡಿ, ಎಸ್, ಕೆ ಎಂಬ ಆರು ಅಕ್ಷರಗಳನ್ನು ಎಂಬುದು ನೆನಪಿರಲಿ.

ಚಾಲೂ ಮಾಡುವ ಮೊದಲು

ಡಿಸ್ಕಿನ ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೆಟ್ಟಿದೆ ಎಂದು ತೋರುವ ಎಷ್ಟೋ ಯಂತ್ರಗಳಲ್ಲಿ ನಿಜವಾಗಿ ಸತ್ತಿರುವುದು ಮದರ್‌ಬೋರ್ಡಿನ ಬ್ಯಾಟರಿ. 286ರಿಂದ ಈಚಿನ ಯಂತ್ರಗಳು ಹಾರ್ಡ್ ಡಿಸ್ಕಿನ ಸಿಲಿಂಡರ್ (ತಟ್ಟೆಗಳ ಮೇಲೆ ಒಂದೇ ದೂರದಲ್ಲಿರುವ ವೃತ್ತಗಳ, ಎಂದರೆ ಟ್ರ್ಯಾಕುಗಳ ಗುಂಪು), ಹೆಡ್ (ಓದಿ ಬರೆಯುವ ತಲೆ) ಮತ್ತು ಸೆಕ್ಟರುಗಳ (ಟ್ರ್ಯಾಕಿನ ತುಂಡುಗಳ) ಸಂಖ್ಯೆಯನ್ನು ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಬ್ಯಾಟರಿ ಬರಿದಾದಾಗ ಆ ನೆನಪು ಅಳಿದು, ಯಾರೋ ಅಂದಾಜಿನ ಮೇಲೆ ಬೇರೊಂದು ಸಂಖ್ಯೆ ತುಂಬಿದರೆ, ಆರೋಗ್ಯವಾಗಿರುವ ಡಿಸ್ಕು ಕೂಡ ಚಿಂದಿಯಾದಂತೆ ಕಾಣುತ್ತದೆ. ಆ ಸ್ಥಿತಿಯಲ್ಲಿ ದುರಸ್ತಿಯ ಆಜ್ಞೆ ಕೊಟ್ಟರೆ ಅದು ನಿಜವಾಗಿಯೇ ಚಿಂದಿಯಾಗುತ್ತದೆ. ಆದ್ದರಿಂದ ಮೊದಲು ಡಿಸ್ಕಿನ ಮೇಲಿನ ಚೀಟಿಯನ್ನು ಓದಿ. ನನ್ನ ಮೇಜಿಗೆ ಬಂದದ್ದು ಸೀಗೇಟ್ ಎಸ್‌ಟಿ-225: ಸಿಲಿಂಡರು 615, ಹೆಡ್ಡು 4, ಪ್ರತಿ ಟ್ರ್ಯಾಕಿಗೆ ಸೆಕ್ಟರು 17. ಇವನ್ನು ಗುಣಿಸಿ, ಸೆಕ್ಟರಿಗೆ 512 ಬೈಟಿನಂತೆ ಲೆಕ್ಕ ಹಾಕಿದರೆ 2 ಕೋಟಿ 14 ಲಕ್ಷ ಬೈಟು ಬರುತ್ತದೆ. ಹಳೆಯ ಎಟಿ (286) ಯಂತ್ರದ ಬಯಾಸಿನ, ಎಂದರೆ ಬೋರ್ಡಿನಲ್ಲೇ ಇರುವ ಆರಂಭದ ಪ್ರೋಗ್ರಾಮಿನ ಪಟ್ಟಿಯಲ್ಲಿ ಇದು 'ಟೈಪ್ 2'. ಈ ಸಂಖ್ಯೆಗಳನ್ನು ತುಂಬುವ ಸೆಟಪ್ ಪರದೆಯಲ್ಲಿ ಬೇರೆ ಸಂಖ್ಯೆ ಕಂಡರೆ ಅದನ್ನು ಸರಿಪಡಿಸುವವರೆಗೆ ಮುಂದಿನ ಯಾವ ಹೆಜ್ಜೆಯನ್ನೂ ಇಡಬೇಡಿ. 386 ಮತ್ತು 486 ಬೋರ್ಡುಗಳಲ್ಲಿ ಬೆಸುಗೆ ಹಾಕಿರುವ ಪೀಪಾಯಿ ಆಕಾರದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಪುಡಿ ಕಂಡರೆ ಕತ್ತರಿಸಿ ತೆಗೆದು, ಆ ಜಾಗವನ್ನು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಶುಚಿಮಾಡಿ ಒಣಗಿಸಬೇಕು.

ಎಸ್‌ಟಿ-225ರಂಥ ಡಿಸ್ಕುಗಳಲ್ಲಿ ಹೆಡ್ಡನ್ನು ಸ್ಟೆಪರ್ ಮೋಟರು ಸರಿಸುತ್ತದೆ. ಟ್ರ್ಯಾಕು ಎಲ್ಲಿದೆ ಎಂದು ಹುಡುಕಿಕೊಳ್ಳುವ ಜಾಣ್ಮೆ ಅದಕ್ಕಿಲ್ಲ, ಎಣಿಸಿದಷ್ಟು ಹೆಜ್ಜೆ ಇಟ್ಟು ನಿಲ್ಲುತ್ತದೆ, ಅಷ್ಟೆ. ತಣ್ಣಗಿರುವಾಗ ಲೋಹ ಕುಗ್ಗಿ ಹೆಡ್ಡು ಟ್ರ್ಯಾಕಿನ ಅಂಚಿನಲ್ಲಿ ನಿಲ್ಲುವುದರಿಂದ, ಬೆಳಿಗ್ಗೆ ಓದಲಾಗದ ಸೆಕ್ಟರು ಅರ್ಧ ಗಂಟೆ ತಿರುಗಿ ಬಿಸಿಯಾದ ಮೇಲೆ ಓದಲು ಬರುವುದುಂಟು. ಆದಕಾರಣ ಡಿಸ್ಕನ್ನು ಅರ್ಧ ಗಂಟೆ ಸುಮ್ಮನೆ ತಿರುಗಲು ಬಿಟ್ಟು ಆಮೇಲೆ ಓದತೊಡಗುವುದು ಒಳ್ಳೆಯದು. ಈ ಕೆಲಸವನ್ನೆಲ್ಲ ಯುಪಿಎಸ್ ಮೇಲೆ ಮಾಡಿ. ದುರಸ್ತಿ ಅರ್ಧದಲ್ಲಿರುವಾಗ ಕರೆಂಟು ಹೋದರೆ, ಮೊದಲಿನ ಹಾನಿಯ ಗುರುತೂ ಉಳಿಯದಂತೆ ಹೊಸ ಹಾನಿ ಅದರ ಮೇಲೆ ಕೂರುತ್ತದೆ.

ಫ್ಲಾಪಿಗಳಿಗೆ ಬೇರೆ ಕಾಟ. ಅಟ್ಟದಲ್ಲಿ ಒಲೆಯ ಹೊಗೆ ಮತ್ತು ಮಳೆಗಾಲದ ತೇವ ಎರಡನ್ನೂ ಕುಡಿದ ಫ್ಲಾಪಿಯ ಮೇಲೆ ಬೂಷ್ಟು ಕಟ್ಟಿರುತ್ತದೆ. ಡ್ರೈವಿಗೆ ಹಾಕುವ ಮೊದಲು ಒಳಗಿನ ತಟ್ಟೆಯನ್ನು ಕೈಯಿಂದ ತಿರುಗಿಸುತ್ತ ಕಿಂಡಿಯಲ್ಲಿ ನೋಡಿ. ಬಿಳಿ ಮಚ್ಚೆ ಕಂಡರೆ ಹಾಕಬೇಡಿ, ಏಕೆಂದರೆ ಬೂಷ್ಟು ಹೆಡ್ಡಿಗೆ ಅಂಟಿಕೊಂಡು ಮುಂದಿನ ಒಳ್ಳೆಯ ಫ್ಲಾಪಿಯನ್ನೂ ಗೀರುತ್ತದೆ. ಅನಂತರ ಬರೆಯದಂತೆ ತಡೆಯುವ ಗುರುತನ್ನು ಹಾಕಬೇಕು. ಇಲ್ಲಿ ಎರಡು ಅಳತೆಯ ಫ್ಲಾಪಿಗಳಿಗೂ ನಿಯಮ ತಿರುಗುಮುರುಗಾಗಿದೆ: ಐದೂಕಾಲು ಇಂಚಿನದರಲ್ಲಿ ಪಕ್ಕದ ಕಚ್ಚನ್ನು ಮುಚ್ಚಿದರೆ ಬರವಣಿಗೆ ನಿಲ್ಲುತ್ತದೆ, ಮೂರೂವರೆ ಇಂಚಿನದರಲ್ಲಿ ಮೂಲೆಯ ತೂತನ್ನು ತೆರೆದರೆ ನಿಲ್ಲುತ್ತದೆ. 360 ಕಿಲೋಬೈಟಿನ ಫ್ಲಾಪಿಯನ್ನು 1.2 ಮೆಗಾಬೈಟಿನ ಡ್ರೈವಿನಲ್ಲಿ ಓದಬಹುದು, ಆದರೆ ಅದರಲ್ಲಿ ಬರೆಯಬಾರದು. ಆ ಡ್ರೈವಿನ ಹೆಡ್ಡು ಕಿರಿದಾದ್ದರಿಂದ ಅಗಲವಾದ ಹಳೆಯ ಟ್ರ್ಯಾಕಿನ ನಡುವೆ ಹೊಸ ಗೆರೆ ಎಳೆದು, ಎರಡೂ ಬದಿಯಲ್ಲಿ ಹಳೆಯದರ ಶೇಷವನ್ನು ಬಿಡುತ್ತದೆ, ಮತ್ತೆ 360ರ ಡ್ರೈವಿಗೆ ಅದು ಅರ್ಥವಾಗುವುದಿಲ್ಲ.

ಪ್ರತಿ ತೆಗೆಯುವುದು

ಡಿಸ್ಕಿನ ಪ್ರತಿಯೊಂದು ಸೆಕ್ಟರನ್ನೂ ಇದ್ದದ್ದು ಇದ್ದ ಹಾಗೆ ಒಂದೇ ದೊಡ್ಡ ಫೈಲಾಗಿ ತೆಗೆದಿಟ್ಟುಕೊಳ್ಳುವುದಕ್ಕೆ ಇಮೇಜ್ ಎನ್ನುತ್ತಾರೆ. ದುರಸ್ತಿಯನ್ನು ಅದರ ಇನ್ನೊಂದು ಪ್ರತಿಯ ಮೇಲೆ ಮಾಡಬೇಕೇ ವಿನಾ ಮೂಲದ ಮೇಲೆ ಅಲ್ಲ. ಮೂರೂವರೆ ಇಂಚಿನ ಫ್ಲಾಪಿಗೆ ಮಾರುಕಟ್ಟೆಯ ಯುಎಸ್‌ಬಿ ಡ್ರೈವು ಸಾಕು. ಐದೂಕಾಲು ಇಂಚಿನದಕ್ಕೆ ಫ್ಲಾಪಿ ಕಂಟ್ರೋಲರ್ ಇರುವ ಹಳೆಯ ಮದರ್‌ಬೋರ್ಡು ಬೇಕು, ಇಲ್ಲವೇ ಹಳೆಯ ಡ್ರೈವಿಗೂ ಯುಎಸ್‌ಬಿಗೂ ನಡುವೆ ಕೂರುವ ಗ್ರೀಸ್‌ವೀಝಲ್‌ನಂಥ ಸಣ್ಣ ಬೋರ್ಡು ಬೇಕು. ಐಡಿಇ (ಕಂಟ್ರೋಲರ್ ಡಿಸ್ಕಿನಲ್ಲೇ ಇರುವ ಬಗೆಯ) ಹಾರ್ಡ್ ಡಿಸ್ಕಿಗೆ ಅಗ್ಗದ ಯುಎಸ್‌ಬಿ ಅಡಾಪ್ಟರು ಕೊಂಡು ಮೋಸಹೋಗಬೇಡಿ; 1990ರ ದಶಕದ ಆರಂಭದ ಡಿಸ್ಕುಗಳಿಗೆ ಸಿಲಿಂಡರು-ಹೆಡ್ಡಿನ ಭಾಷೆ ಮಾತ್ರ ಗೊತ್ತು, ಅಂಥ ಅಡಾಪ್ಟರುಗಳಲ್ಲಿ ಹೆಚ್ಚಿನವು ಆ ಭಾಷೆಯನ್ನು ಆಡುವುದಿಲ್ಲ. ಐಡಿಇ ಕನೆಕ್ಟರ್ ಇರುವ ಹಳೆಯ ಪೆಂಟಿಯಂ ಯಂತ್ರಕ್ಕೆ ಲಿನಕ್ಸ್ ಹಾಕಿ ಅದಕ್ಕೇ ಜೋಡಿಸುವುದು ಮೇಲು. ಎಸ್‌ಟಿ-225ರ ಪೀಳಿಗೆಯ ಡಿಸ್ಕನ್ನು ಅದರ ಸ್ವಂತ ಕಂಟ್ರೋಲರ್ ಕಾರ್ಡಿನಿಂದ ಬೇರ್ಪಡಿಸಬೇಡಿ. ಒಂದು ಕಾರ್ಡು ಬರೆದದ್ದನ್ನು ಇನ್ನೊಂದು ಕಾರ್ಡು ಓದುತ್ತದೆಂಬ ಖಾತರಿ ಆ ಕಾಲದಲ್ಲಿ ಇರಲಿಲ್ಲ.

ಲಿನಕ್ಸಿನಲ್ಲಿ ಈ ಕೆಲಸಕ್ಕೆ ನಾನು ಬಳಸುವುದು ಡಿಡಿ-ರೆಸ್ಕ್ಯೂ. ಅದು ಸುಲಭವಾಗಿ ಸಿಗುವ ಸೆಕ್ಟರುಗಳನ್ನು ಮೊದಲು ಬಾಚಿಕೊಂಡು, ಹಟಮಾರಿ ಸೆಕ್ಟರುಗಳನ್ನು ಕೊನೆಗೆ ಬಿಡುತ್ತದೆ. ಯಾವುದು ಸಿಕ್ಕಿತು, ಯಾವುದು ಸಿಗಲಿಲ್ಲ ಎಂಬುದನ್ನು ಒಂದು ನಕ್ಷೆಯ ಫೈಲಿನಲ್ಲಿ ಬರೆದಿಡುತ್ತದೆ. ಆ ನಕ್ಷೆ ಇದ್ದರೆ ನಾಳೆ ಇನ್ನೊಂದು ಡ್ರೈವಿನಲ್ಲಿ ಅದೇ ಫ್ಲಾಪಿಯನ್ನು ಹಾಕಿ, ಉಳಿದ ಸೆಕ್ಟರುಗಳನ್ನು ಮಾತ್ರ ಮತ್ತೆ ಪ್ರಯತ್ನಿಸಬಹುದು. 1.44 ಮೆಗಾಬೈಟಿನ ಫ್ಲಾಪಿಯ ಇಮೇಜು 2880 ಸೆಕ್ಟರು, ಅಂದರೆ ಸರಿಯಾಗಿ 14,74,560 ಬೈಟು ಇರಬೇಕು.

ಡಿಸ್ಕಿನ ಕಿರ್ದಿ ಮತ್ತು ಖಾತೆ

ಫ್ಯಾಟ್ ಎಂಬ ಫೈಲ್ ಸಿಸ್ಟಮ್‌ನಲ್ಲಿ ಎರಡು ದಾಖಲೆಗಳಿರುತ್ತವೆ. ಡೈರೆಕ್ಟರಿಯಲ್ಲಿ ಪ್ರತಿ ಫೈಲಿಗೆ 32 ಬೈಟಿನ ಒಂದು ನಮೂದು; ಅದರಲ್ಲಿ ಎಂಟು ಮತ್ತು ಮೂರು ಅಕ್ಷರದ ಹೆಸರು, ಗುಣ ಸೂಚಿಸುವ ಒಂದು ಬೈಟು, ದಿನಾಂಕ, ಫೈಲು ಆರಂಭವಾಗುವ ಕ್ಲಸ್ಟರಿನ (ಫೈಲಿಗೆ ಒಮ್ಮೆಗೆ ಹಂಚುವ ಸೆಕ್ಟರುಗಳ ಗುಂಪಿನ) ಸಂಖ್ಯೆ, ಒಟ್ಟು ಗಾತ್ರ ಇಷ್ಟು ಇರುತ್ತವೆ. ಮೊದಲ ಕ್ಲಸ್ಟರಿನ ನಂತರ ಯಾವುದು, ಅದರ ನಂತರ ಯಾವುದು ಎಂಬ ಸರಪಳಿ ಇರುವುದು ಫ್ಯಾಟ್ ಎಂಬ ಪಟ್ಟಿಯಲ್ಲಿ. ಪಟ್ಟಿಯ ಒಂದು ಮನೆಯಲ್ಲಿ ಸೊನ್ನೆ ಇದ್ದರೆ ಆ ಕ್ಲಸ್ಟರು ಖಾಲಿ. ಬೇರೆ ಸಂಖ್ಯೆ ಇದ್ದರೆ ಅದು ಮುಂದಿನ ಕೊಂಡಿ. ಸರಪಳಿ ಮುಗಿದದ್ದಕ್ಕೂ ಕೆಟ್ಟ ಕ್ಲಸ್ಟರಿಗೂ ಬೇರೆ ಬೇರೆ ಗುರುತುಗಳುಂಟು. ಪಟ್ಟಿ ಬಹಳ ಮುಖ್ಯವಾದ್ದರಿಂದ ಡಿಸ್ಕಿನ ಮೇಲೆ ಅದರ ಎರಡು ಪ್ರತಿಗಳಿರುತ್ತವೆ. 1.44ರ ಫ್ಲಾಪಿಯಲ್ಲಿ ಮೊದಲ ಸೆಕ್ಟರು ಬೂಟ್ ಸೆಕ್ಟರು, ನಂತರದ 9 ಸೆಕ್ಟರು ಮೊದಲ ಪಟ್ಟಿ, ಮತ್ತೆ 9 ಎರಡನೆಯ ಪಟ್ಟಿ, ಆಮೇಲೆ 14 ಸೆಕ್ಟರಿನಲ್ಲಿ 224 ನಮೂದು ಹಿಡಿಯುವ ಮೂಲ ಡೈರೆಕ್ಟರಿ, ಉಳಿದದ್ದೆಲ್ಲ ಸರಕು.

ದಿಢೀರನೆ ಕರೆಂಟು ಹೋದಾಗ ಆಗುವ ಹಾನಿಯ ಸ್ವರೂಪ ಇದರಿಂದ ತಿಳಿಯುತ್ತದೆ. ಫೈಲು ಬರೆಯುತ್ತಿರುವಾಗ ಪಟ್ಟಿ ಬೆಳೆಯುತ್ತ ಹೋಗುತ್ತದೆ, ಆದರೆ ಡೈರೆಕ್ಟರಿಯಲ್ಲಿ ಗಾತ್ರ ಮತ್ತು ಆರಂಭದ ಸಂಖ್ಯೆ ದಾಖಲಾಗುವುದು ಫೈಲನ್ನು ಮುಚ್ಚಿದಾಗ. ಮುಚ್ಚುವ ಮೊದಲೇ ಯಂತ್ರ ಆರಿದರೆ ಡೈರೆಕ್ಟರಿಯಲ್ಲಿ ಸೊನ್ನೆ ಬೈಟಿನ ಹೆಸರೊಂದು ಉಳಿದು, ಅದರ ಸರಕು ವಾರಸುದಾರರಿಲ್ಲದ ಸರಪಳಿಯಾಗಿ ಬಿದ್ದಿರುತ್ತದೆ.

ನೋಡುವುದು, ಮುಟ್ಟದಿರುವುದು

ಯಂತ್ರದಲ್ಲಿರುವ ಡಾಸ್ ಆವೃತ್ತಿಯದೇ ಬೂಟ್ ಫ್ಲಾಪಿಯನ್ನು, ಬರೆಯದಂತೆ ತಡೆದು, ಅದರಿಂದ ಆರಂಭಿಸಿ. ವಿಂಡೋಸ್ ಒಳಗಿನಿಂದ ಈ ಕೆಲಸ ಬೇಡ. ತೆರೆದಿರುವ ಫೈಲುಗಳೆಲ್ಲ ದೋಷಗಳಂತೆ ಕಾಣುತ್ತವೆ. ಮೊದಲ ಸಲ ಚೆಕ್‌ಡಿಸ್ಕ್ ಅನ್ನು ತಿದ್ದು ಎಂಬ ಅರ್ಥದ ಸ್ಲ್ಯಾಶ್ ಎಫ್ ಇಲ್ಲದೆ ನಡೆಸಬೇಕು. ಆಗಲೂ ಅದು ಕಳೆದುಹೋದ ಸರಪಳಿಗಳನ್ನು ಫೈಲು ಮಾಡಲೇ ಎಂದು ಕೇಳುತ್ತದೆ, ವೈ ಎಂದರೂ ಡಿಸ್ಕಿಗೆ ಏನನ್ನೂ ಬರೆಯುವುದಿಲ್ಲ. ಸ್ಲ್ಯಾಶ್ ವಿ ಸೇರಿಸಿದರೆ ಎಲ್ಲ ಫೈಲುಗಳ ಹೆಸರನ್ನೂ ಪಟ್ಟಿ ಮಾಡುತ್ತದೆ. ಆ ಪಟ್ಟಿಯನ್ನು ಉಳಿಸಿಕೊಳ್ಳಿ, ಆದರೆ ಪರೀಕ್ಷೆಗೆ ಒಳಗಾಗಿರುವ ಡಿಸ್ಕಿಗೆ ಅಲ್ಲ, ಬೇರೊಂದು ಫ್ಲಾಪಿಗೆ. ಅದೇ ಡಿಸ್ಕಿಗೆ ಬರೆಸಿದರೆ ಬರೆಯುತ್ತಿರುವ ಫೈಲೇ ಒಂದು ದೋಷವಾಗಿ ವರದಿಯಾಗುತ್ತದೆ. ಇಮೇಜು ಲಿನಕ್ಸಿನಲ್ಲಿದ್ದರೆ ಎಫ್‌ಎಸ್‌ಸಿಕೆ-ಡಾಟ್-ಫ್ಯಾಟ್ ಎಂಬ ಆಜ್ಞೆಯನ್ನು ಮೈನಸ್ ಎನ್ ಜೊತೆ ಕೊಟ್ಟರೆ ಅದೂ ನೋಡಿ ಹೇಳುತ್ತದೆ, ಮುಟ್ಟುವುದಿಲ್ಲ.

ಈಗ ಬರುವ ಸಂದೇಶಗಳ ಅರ್ಥ. ವಾರಸುದಾರರಿಲ್ಲದ ಕ್ಲಸ್ಟರುಗಳ ಸಂದೇಶ ಎಲ್ಲಕ್ಕಿಂತ ಸಾಮಾನ್ಯವಾದದ್ದು ಮತ್ತು ಅಪಾಯ ಕಡಿಮೆಯದು. ಸ್ಲ್ಯಾಶ್ ಎಫ್ ಕೊಟ್ಟು ವೈ ಎಂದರೆ ಪ್ರತಿ ಸರಪಳಿಯೂ ಮೂಲ ಡೈರೆಕ್ಟರಿಯಲ್ಲಿ 'ಫೈಲ್0000' ಎಂಬುದರಿಂದ ಶುರುವಾಗಿ ಸಿಎಚ್‌ಕೆ ಎಂಬ ಬಾಲದೊಡನೆ ಕಾಣಿಸಿಕೊಳ್ಳುತ್ತದೆ. ಎನ್ ಎಂದರೆ ಆ ಕ್ಲಸ್ಟರುಗಳು ಖಾಲಿ ಎಂದು ಗುರುತಾಗುತ್ತವೆ. ಮೂಲ ಡೈರೆಕ್ಟರಿಗೆ ಮಿತಿ ಇರುವುದರಿಂದ (ಹಾರ್ಡ್ ಡಿಸ್ಕಿನಲ್ಲಿ ಸಾಮಾನ್ಯವಾಗಿ 512, 360ರ ಫ್ಲಾಪಿಯಲ್ಲಿ 112) ಸರಪಳಿಗಳು ಹೆಚ್ಚಾದರೆ ಜಾಗ ಸಾಲದೆ ನಿಲ್ಲುತ್ತದೆ. ಆಗ ಬಂದಷ್ಟನ್ನು ಬೇರೆಡೆಗೆ ನಕಲಿಸಿ, ಮೂಲ ಡೈರೆಕ್ಟರಿಯನ್ನು ಖಾಲಿಮಾಡಿ, ಮತ್ತೆ ನಡೆಸಬೇಕು.

ಗಾತ್ರವನ್ನು ಸರಿಹೊಂದಿಸಲಾಗಿದೆ ಎಂಬ ಸಂದೇಶ ಬಂದರೆ, ಡೈರೆಕ್ಟರಿ ಹೇಳುವ ಗಾತ್ರಕ್ಕೂ ಸರಪಳಿಯ ಉದ್ದಕ್ಕೂ ತಾಳೆಯಿಲ್ಲವೆಂದು ಅರ್ಥ. ಹಳೆಯ ಗಾತ್ರವನ್ನು ಕಾಗದದಲ್ಲಿ ಬರೆದುಕೊಂಡ ಮೇಲೆಯೇ ಒಪ್ಪಬೇಕು.

ಒಂದೇ ಕ್ಲಸ್ಟರನ್ನು ಎರಡು ಫೈಲುಗಳು ನನ್ನದು ಎನ್ನುವುದಕ್ಕೆ ಕ್ರಾಸ್ ಲಿಂಕ್ ಎನ್ನುತ್ತಾರೆ. ಒಂದೇ ಸರ್ವೆ ನಂಬರಿಗೆ ಇಬ್ಬರ ಪಹಣಿ ಇದ್ದ ಹಾಗೆ. ಚೆಕ್‌ಡಿಸ್ಕ್ ಇದನ್ನು ವರದಿ ಮಾಡುತ್ತದೆ, ಬಗೆಹರಿಸುವುದಿಲ್ಲ. ಎರಡು ಫೈಲುಗಳನ್ನೂ ಬೇರೆ ಡಿಸ್ಕಿಗೆ ನಕಲಿಸಿ, ದುರಸ್ತಿಯಾಗುತ್ತಿರುವ ಪ್ರತಿಯಲ್ಲಿ ಎರಡನ್ನೂ ಅಳಿಸಿ, ಆಮೇಲೆ ನಕಲುಗಳನ್ನು ತೆರೆದು ನೋಡಬೇಕು. ಸಾಮಾನ್ಯವಾಗಿ ಒಂದು ಪೂರ್ತಿ ಸರಿಯಿದ್ದು, ಇನ್ನೊಂದು ಅಡ್ಡಹಾಯುವ ಜಾಗದವರೆಗೆ ಸರಿಯಿರುತ್ತದೆ. 1993ರಲ್ಲಿ ಡಾಸ್ 6.2ರ ಜೊತೆ ಬಂದ ಸ್ಕ್ಯಾನ್‌ಡಿಸ್ಕ್ ಈ ನಕಲಿನ ಕೆಲಸವನ್ನು ತಾನೇ ಮಾಡುತ್ತದೆ, ಮಾಡುವ ಮೊದಲು ಹಿಂದಕ್ಕೆ ಮರಳಲು ಬೇಕಾದ ಮಾಹಿತಿಯನ್ನು ಒಂದು ಫ್ಲಾಪಿಯಲ್ಲಿ ಉಳಿಸಲೇ ಎಂದೂ ಕೇಳುತ್ತದೆ. ಆ ಪ್ರಶ್ನೆಗೆ ಯಾವಾಗಲೂ ಹೌದು ಎನ್ನಿ.

ಮಂಡಿಯ ಹುಡುಗ ಎಡವಿದ್ದು ಇನ್ನೊಂದು ಪ್ರಶ್ನೆಯಲ್ಲಿ. ಡೈರೆಕ್ಟರಿಯಲ್ಲಿ ಸರಿಪಡಿಸಲಾಗದ ದೋಷವಿದೆ, ಅದನ್ನು ಫೈಲಾಗಿ ಪರಿವರ್ತಿಸಲೇ ಎಂದು ಚೆಕ್‌ಡಿಸ್ಕ್ ಕೇಳಿತ್ತು. ಒಳ ಡೈರೆಕ್ಟರಿಯ ಆರಂಭದಲ್ಲಿ ತನ್ನನ್ನು ಮತ್ತು ತನ್ನ ಮೇಲಿನ ಡೈರೆಕ್ಟರಿಯನ್ನು ಸೂಚಿಸುವ ಎರಡು ಚುಕ್ಕೆಯ ನಮೂದುಗಳಿರುತ್ತವೆ. ಅವುಗಳಲ್ಲಿ ಒಂದು ಕೆಟ್ಟರೂ ಈ ಪ್ರಶ್ನೆ ಏಳಬಹುದು. ವೈ ಎಂದ ಕೂಡಲೇ ಆ ಡೈರೆಕ್ಟರಿ ಒಂದು ಸಾಮಾನ್ಯ ಫೈಲಾಗಿ, ಅದರೊಳಗಿದ್ದ ಎಲ್ಲ ಖಾತೆಗಳೂ ಹೆಸರು ಕಳೆದುಕೊಂಡು ಸಿಎಚ್‌ಕೆ ಫೈಲುಗಳಾದವು. ಲೆಕ್ಕದ ದೃಷ್ಟಿಯಿಂದ ಡಿಸ್ಕು ಸರಿಹೋಯಿತು. ಈ ಪ್ರಶ್ನೆಗೆ ಎನ್ ಎಂದೇ ಉತ್ತರಿಸಬೇಕು.

ಇದು ಡಾಸ್ ಡಿಸ್ಕಲ್ಲ ಎಂದು ತೋರುತ್ತದೆ, ಮುಂದುವರಿಯಲೇ ಎಂಬ ಪ್ರಶ್ನೆಗೂ ಎನ್. ಸೆಟಪ್ಪಿನಲ್ಲಿ ತಪ್ಪು ಸಂಖ್ಯೆ, ಪಟ್ಟಿಯ ಮೊದಲ ಬೈಟಿನ ನಾಶ ಅಥವಾ ಬೂಟ್ ವೈರಸ್ಸು ಇದಕ್ಕೆ ಕಾರಣವಾಗಿರಬಹುದು. ಹಳೆಯ ವೈರಸ್ಸುಗಳೂ ಚೆಕ್‌ಡಿಸ್ಕ್ ವರದಿಯಲ್ಲಿ ಗುರುತು ಬಿಡುತ್ತವೆ ಎಂಬುದು ಇಲ್ಲಿ ಹೇಳಬೇಕಾದ ಮಾತು: 1986ರಲ್ಲಿ ಲಾಹೋರಿನಿಂದ ಹೊರಟ ಬ್ರೇನ್ ವೈರಸ್ಸು ತಾನು ಅಡಗಿರುವ ಮೂರು ಕ್ಲಸ್ಟರುಗಳನ್ನು ಕೆಟ್ಟವೆಂದು ಗುರುತಿಸುತ್ತದೆ. 360ರ ಫ್ಲಾಪಿಯಲ್ಲಿ ಕೆಟ್ಟ ಸೆಕ್ಟರು 3072 ಬೈಟು ಎಂದು ಬಂದು, ಡಿಸ್ಕಿನ ಹೆಸರಿನಲ್ಲಿ ಬ್ರೇನ್ ಎಂದಿದ್ದರೆ ಅದು ತಟ್ಟೆಯ ದೋಷವಲ್ಲ.

ಕೆಲವು ಪ್ರೋಗ್ರಾಮುಗಳನ್ನು ದೂರವಿಡಬೇಕು. ಡಾಸ್ 5ರವರೆಗೆ ಇದ್ದ ರಿಕವರ್ ಎಂಬ ಆಜ್ಞೆಯ ಹೆಸರು ನಂಬಿ ಡ್ರೈವಿನ ಅಕ್ಷರವನ್ನಷ್ಟೇ ಕೊಟ್ಟು ನಡೆಸಿದರೆ, ಚೆನ್ನಾಗಿರುವ ಫೈಲುಗಳ ಹೆಸರನ್ನೂ ಡೈರೆಕ್ಟರಿಗಳನ್ನೂ ಅಳಿಸಿ ಎಲ್ಲಕ್ಕೂ ಸಂಖ್ಯೆಯ ಹೆಸರಿಡುತ್ತದೆ. ಡಾಸ್ 6ರಲ್ಲಿ ಅದನ್ನು ಕೈಬಿಟ್ಟದ್ದು ನ್ಯಾಯವೇ. 1991ರಲ್ಲಿ ಬಂದ ಡಾಸ್ 5.0ರ ಮೊದಲ ಚೆಕ್‌ಡಿಸ್ಕಿನಲ್ಲಿ, ಫ್ಯಾಟ್ ಪಟ್ಟಿ 256 ಸೆಕ್ಟರಿನಷ್ಟು ತುಂಬಿದ ದೊಡ್ಡ ಡಿಸ್ಕುಗಳನ್ನು ಹಾಳುಮಾಡುವ ದೋಷವಿತ್ತು, 5.0ಎ ಎಂಬ ಪರಿಷ್ಕರಣೆಯಲ್ಲಿ ಅದು ಸರಿಹೋಯಿತು. ವಿಂಡೋಸ್ 95 ಇರುವ ಡಿಸ್ಕಿಗೆ ಡಾಸ್ 6ರ ಕಾಲದ ಉಪಕರಣಗಳನ್ನು ಬಳಸಬಾರದು. ಉದ್ದ ಹೆಸರುಗಳನ್ನು ಹಿಡಿದಿಡುವ ವಿಚಿತ್ರ ನಮೂದುಗಳು ಅವಕ್ಕೆ ದೋಷಗಳಾಗಿ ಕಂಡು, ತಿದ್ದುವ ಹೆಸರಿನಲ್ಲಿ ಅಳಿಸಿಬಿಡುತ್ತವೆ. ಡಬಲ್‌ಸ್ಪೇಸ್ ಅಥವಾ ಡ್ರೈವ್‌ಸ್ಪೇಸ್ (ಸರಕನ್ನು ಒತ್ತಿ ಕಿರಿದಾಗಿಸುವ ಪ್ರೋಗ್ರಾಮು) ಹಾಕಿದ ಡಿಸ್ಕನ್ನು ಬರೀ ಫ್ಲಾಪಿಯಿಂದ ಆರಂಭಿಸಿದಾಗ ಒಂದೇ ಒಂದು ದೈತ್ಯ ಫೈಲು ಜಾಗವನ್ನೆಲ್ಲ ತಿಂದಂತೆ ಕಾಣುತ್ತದೆ. ಅದೇ ಇಡೀ ಡಿಸ್ಕು, ಅಳಿಸಬೇಡಿ.

ಎರಡನೆಯ ಪಟ್ಟಿಯಿಂದ ಮೊದಲನೆಯದನ್ನು ಉಳಿಸುವುದು

ಫ್ಯಾಟಿನ ಎರಡು ಪ್ರತಿಗಳಿದ್ದರೂ ಡಾಸ್ ದಿನನಿತ್ಯ ನೋಡುವುದು ಮೊದಲನೆಯದನ್ನು ಮಾತ್ರ. ಮೊದಲ ಪ್ರತಿಯ ಸೆಕ್ಟರು ಹಾಳಾಗಿ ಎರಡನೆಯದು ಚೆನ್ನಾಗಿದ್ದರೆ, ಡಾಸ್ ಜೊತೆಗೇ ಬರುವ ಡೀಬಗ್ ಸಾಕು. ಇಮೇಜಿನಿಂದ ಹೊಸ 1.44 ಫ್ಲಾಪಿಯೊಂದನ್ನು ಮಾಡಿಕೊಂಡು, ಎ ಡ್ರೈವಿಗೆ ಹಾಕಿ, ಡೀಬಗ್ ಒಳಗೆ 'ಎಲ್ 100 0 ಎ 9' ಎಂದು ಕೊಡಿ. ಎಲ್ ಎಂದರೆ ಓದು. 100 ನೆನಪಿನ ವಿಳಾಸ. 0 ಎಂದರೆ ಎ ಡ್ರೈವು. ಮುಂದಿನ ಎ ಹದಿನಾರರ ಎಣಿಕೆಯ ಹತ್ತು, ಎಂದರೆ ಎರಡನೆಯ ಪಟ್ಟಿ ಆರಂಭವಾಗುವ ಸೆಕ್ಟರು. 9 ಸೆಕ್ಟರುಗಳ ಸಂಖ್ಯೆ. ಅನಂತರ 'ಡಿ 100' ಕೊಟ್ಟು ನೋಡಿದರೆ ಮೊದಲ ಮೂರು ಬೈಟುಗಳು ಎಫ್0, ಎಫ್‌ಎಫ್, ಎಫ್‌ಎಫ್ ಎಂದಿರಬೇಕು. ಬೇರೇನೋ ಇದ್ದರೆ ಎರಡನೆಯ ಪ್ರತಿಯೂ ಹಾಳಾಗಿದೆ, ಅಲ್ಲಿಗೆ ಬಿಡಿ. ಸರಿಯಿದ್ದರೆ 'ಡಬ್ಲ್ಯು 100 0 1 9' ಎಂದು ಕೊಟ್ಟು ಅದನ್ನೇ ಮೊದಲ ಪಟ್ಟಿಯ ಜಾಗಕ್ಕೆ ಬರೆಯಿರಿ. ಡ್ರೈವಿನ ಜಾಗದಲ್ಲಿ 0 ಬದಲು 2 ಒತ್ತಿದರೆ ಸಿ ಡ್ರೈವಿನ ತಲೆಯ ಮೇಲೆ ಬರೆದಂತಾಗುತ್ತದೆ, ಡೀಬಗ್ ಯಾವ ಪ್ರಶ್ನೆಯನ್ನೂ ಕೇಳದು. ನಾನು ಈ ಕೆಲಸಕ್ಕೆ ಕೂರುವ ಮೊದಲು ಹಾರ್ಡ್ ಡಿಸ್ಕಿನ ಕೇಬಲ್ಲನ್ನೇ ಕಳಚಿಡುತ್ತೇನೆ.

ಹೆಸರಿಲ್ಲದ ಫೈಲುಗಳ ಗುರುತು ಹಿಡಿಯುವುದು

ಬಹಳ ಜನ ದುರಸ್ತಿ ಮುಗಿಯಿತೆಂದುಕೊಂಡು, ಸಿಎಚ್‌ಕೆ ಫೈಲುಗಳನ್ನು ಕಸವೆಂದು ಅಳಿಸುತ್ತಾರೆ. ಕೆಲಸ ಶುರುವಾಗುವುದೇ ಅಲ್ಲಿ. ಪ್ರತಿ ಫೈಲಿನ ಮೊದಲ ಕೆಲವು ಬೈಟುಗಳನ್ನು, ಅವನ್ನು ಹದಿನಾರರ ಎಣಿಕೆಯಲ್ಲಿ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ನೋಡಬೇಕು. ಲೆಕ್ಕ, ಪಟ್ಟಿಗಳನ್ನು ಇಡುವ ಡಿಬೇಸ್ 3 ಪ್ರೋಗ್ರಾಮಿನ ದತ್ತ ಫೈಲು 03 ಎಂಬ ಬೈಟಿನಿಂದಲೂ, ಮೆಮೊ (ಉದ್ದ ಟಿಪ್ಪಣಿಯ ಅಂಕಣ) ಇದ್ದರೆ 83ರಿಂದಲೂ ಶುರುವಾಗುತ್ತದೆ. ಇಎಕ್ಸ್‌ಇ ಬಾಲದ ಪ್ರೋಗ್ರಾಮುಗಳು ಎಂ, ಝಡ್ ಎಂಬೆರಡು ಅಕ್ಷರಗಳಿಂದ, ಝಿಪ್ ಫೈಲುಗಳು ಪಿ, ಕೆ ಎಂಬೆರಡರಿಂದ. ಇಂಗ್ಲಿಷ್ ಬರಹದಲ್ಲಿ ಪ್ರತಿ ಪದದ ಕೊನೆಯ ಅಕ್ಷರ ಮಾತ್ರ ವಿಚಿತ್ರ ಚಿಹ್ನೆಯಾಗಿದ್ದರೆ ಅದು ವರ್ಡ್‌ಸ್ಟಾರಿನ ಕಡತ. ಪ್ರತಿ ಬೈಟಿನ ಎಂಟನೆಯ ಬಿಟ್ಟನ್ನು ಸೊನ್ನೆ ಮಾಡಿದರೆ ಓದಲು ಬರುತ್ತದೆ.

ಕನ್ನಡದ ಕಡತಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಡಾಸ್ ಯಂತ್ರಕ್ಕೆ ಭಾರತೀಯ ಲಿಪಿಗಳನ್ನು ಕೊಡುವ ಜಿಸ್ಟ್ ಕಾರ್ಡಿನಲ್ಲಿ ಬರೆದ ಕನ್ನಡ ಇಸ್ಕಿ ಎಂಬ, ಭಾರತೀಯ ಲಿಪಿಗಳ ಸಂಕೇತದಲ್ಲಿರುತ್ತದೆ, ಅದರ ಅಕ್ಷರಗಳೆಲ್ಲ 160ರಿಂದ ಮೇಲಿನ ಬೈಟುಗಳು. ಸಾಮಾನ್ಯ ಡಾಸ್ ಪರದೆಯಲ್ಲಿ ಅವು ಚೌಕಟ್ಟಿನ ಗೆರೆಗಳಾಗಿ, ಗ್ರೀಕ್ ಅಕ್ಷರಗಳಾಗಿ ಕಾಣುತ್ತವೆ. ನೋಡಿದವರು ಡಿಸ್ಕು ಕೆಟ್ಟು ಕಸ ತುಂಬಿದೆ ಎನ್ನುತ್ತಾರೆ. ನಿಜವಾದ ಕಸಕ್ಕೂ ಇದಕ್ಕೂ ವ್ಯತ್ಯಾಸ ಸುಲಭ: ಇಸ್ಕಿಯಲ್ಲಿ ಪದಗಳ ನಡುವೆ ಸಾಮಾನ್ಯ ಖಾಲಿ ಜಾಗ, ಸಾಲಿನ ಕೊನೆಗೆ ಸಾಮಾನ್ಯ ಸಾಲುಗುರುತು, ಅಲ್ಲಲ್ಲಿ ಇಂಗ್ಲಿಷ್ ಅಂಕಿಗಳು ಇರುತ್ತವೆ. ವಿಂಡೋಸಿನಲ್ಲಿ ಕನ್ನಡ ಇಸ್ಕಿಗೆ 57008 ಎಂಬ ಕೋಡ್ ಪೇಜ್ ಇದೆ, ಅದನ್ನು ಬಳಸಿ ಯುನಿಕೋಡಿಗೆ ಪರಿವರ್ತಿಸಬಹುದು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬರೆದದ್ದು ಹಾಗಲ್ಲ. ಫಾಂಟು ಇಲ್ಲದೆ ತೆರೆದರೆ ಕೊಂಬು ಬಾಲ ಅಂಟಿಸಿಕೊಂಡ ರೋಮನ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಎರಡೂ ಸಂದರ್ಭಗಳಲ್ಲಿ ಸರಕು ಸುರಕ್ಷಿತವಾಗಿರುತ್ತದೆ, ಓದುವ ಕನ್ನಡಕ ಮಾತ್ರ ಇರುವುದಿಲ್ಲ.

ಮಂಡಿಯ ಡಿಸ್ಕಿಗೆ ಮರಳೋಣ. ಡೈರೆಕ್ಟರಿ ಫೈಲಾಯಿತು ಎಂದೆನಲ್ಲ. ಆಗ ಬದಲಾದದ್ದು ಅದರ ಗುಣದ ಬೈಟು, ಒಳಗಿನ ಬರಹ ಹಾಗೆಯೇ ಇತ್ತು. ಆ ಫೈಲನ್ನು ಹೆಕ್ಸ್ ಎಡಿಟರಿನಲ್ಲಿ ತೆರೆದಾಗ 32 ಬೈಟಿಗೆ ಒಂದರಂತೆ ಎಲ್ಲ ಖಾತೆಗಳ ಹೆಸರು, ಆರಂಭದ ಕ್ಲಸ್ಟರು, ಗಾತ್ರ ಸಾಲಾಗಿ ಸಿಕ್ಕವು. ಪ್ರತಿ ಸಿಎಚ್‌ಕೆ ಫೈಲಿನ ನಮೂದಿನಲ್ಲೂ ಅದರ ಆರಂಭದ ಕ್ಲಸ್ಟರು ಇರುತ್ತದೆ. ಸೊನ್ನೆಯಿಂದ ಎಣಿಸಿದರೆ 26 ಮತ್ತು 27ನೆಯ ಬೈಟುಗಳಲ್ಲಿ, ಚಿಕ್ಕ ಬೈಟು ಮೊದಲು ಬರುವಂತೆ. ಎರಡೂ ಕಡೆಯ ಸಂಖ್ಯೆ ಒಂದಾದರೆ ಹೆಸರು ಸಿಕ್ಕಿದ ಹಾಗೆಯೇ. ಗುಣದ ಬೈಟನ್ನು ಹಿಂದಿನಂತೆ 10 ಮಾಡಿ ಡೈರೆಕ್ಟರಿಯನ್ನೇ ಮರಳಿ ತರಬಹುದಲ್ಲ ಎಂದು ಕೇಳಬಹುದು. ಆದರೆ ಅಷ್ಟರಲ್ಲಿ ಅದೇ ಕ್ಲಸ್ಟರುಗಳಿಗೆ ಸಿಎಚ್‌ಕೆ ಫೈಲುಗಳು ಒಡೆಯರಾಗಿರುವುದರಿಂದ ಎಲ್ಲವೂ ಕ್ರಾಸ್ ಲಿಂಕ್ ಆಗುತ್ತವೆ. ಸಿಎಚ್‌ಕೆಗಳನ್ನು ಹೊರಗೆ ನಕಲಿಸಿ, ಪಟ್ಟಿ ನೋಡಿಕೊಂಡು ಒಂದೊಂದಕ್ಕೂ ಹೆಸರಿಡುವುದು ನಿಧಾನವಾದರೂ ಸುರಕ್ಷಿತ. ಒಂದು ಇಡೀ ಭಾನುವಾರ ಅದಕ್ಕೆ ಹೋಯಿತು.

ಹೆಸರಿಟ್ಟ ಮೇಲೂ ಒಂದು ಖಾತೆಯಲ್ಲಿ ಕೊನೆಯ ದಿನಗಳ ವ್ಯವಹಾರ ಕಾಣಲಿಲ್ಲ. ಡಿಬೇಸ್ ಫೈಲಿನ 4ರಿಂದ 7ನೆಯ ಬೈಟಿನವರೆಗೆ ದಾಖಲೆಗಳ ಸಂಖ್ಯೆ, 8 ಮತ್ತು 9ರಲ್ಲಿ ತಲೆಬರಹದ ಉದ್ದ, 10 ಮತ್ತು 11ರಲ್ಲಿ ಒಂದು ದಾಖಲೆಯ ಉದ್ದ ಇರುತ್ತದೆ, ಎಣಿಕೆ ಸೊನ್ನೆಯಿಂದ. ಫೈಲು ಮುಚ್ಚುವ ಮೊದಲು ಯಂತ್ರ ಆರಿದರೆ ದಾಖಲೆಗಳು ಒಳಗಿದ್ದರೂ ಸಂಖ್ಯೆ ಹಳೆಯದೇ ಉಳಿಯುತ್ತದೆ, ಡಿಬೇಸ್ ಆ ಸಂಖ್ಯೆಯ ಆಚೆಗೆ ಓದುವುದಿಲ್ಲ. ಲೆಕ್ಕ ಹೀಗೆ ಮಾಡಬೇಕು: ತಲೆಬರಹ 353 ಬೈಟು, ದಾಖಲೆ 84 ಬೈಟು, ಸಿಎಚ್‌ಕೆ ಫೈಲಿನ ಗಾತ್ರ 86,016 ಬೈಟು ಎಂದುಕೊಳ್ಳಿ. 86,016ರಿಂದ 353 ಕಳೆದು 84ರಿಂದ ಭಾಗಿಸಿದರೆ ಹೆಚ್ಚೆಂದರೆ 1019 ದಾಖಲೆ ಹಿಡಿಯುತ್ತವೆ. ಸಿಎಚ್‌ಕೆಯ ಗಾತ್ರ ಯಾವಾಗಲೂ ಪೂರ್ಣ ಕ್ಲಸ್ಟರುಗಳ ಲೆಕ್ಕದಲ್ಲಿರುವುದರಿಂದ ಕೊನೆಯ ಕೆಲವು ಹಳೆಯ ಕಸವಾಗಿರಬಹುದು. ಪ್ರತಿ ದಾಖಲೆಯ ಮೊದಲ ಬೈಟು ಖಾಲಿ ಜಾಗ ಅಥವಾ, ಅಳಿಸಿದ ದಾಖಲೆಯಾದರೆ, ನಕ್ಷತ್ರ ಚಿಹ್ನೆ ಆಗಿರಬೇಕು. ಆ ಕ್ರಮ ಎಲ್ಲಿ ತಪ್ಪುತ್ತದೋ ಅಲ್ಲಿಗೆ ನಿಜವಾದ ದಾಖಲೆಗಳು ಮುಗಿದವು. ಆ ಸಂಖ್ಯೆಯನ್ನು ತಲೆಬರಹದಲ್ಲಿ ತುಂಬಿದ ಮೇಲೆ ಕೊನೆಯ ಹರಾಜಿನ ದಿನದ ತೂಕವೂ ದರವೂ ಪರದೆಗೆ ಬಂದವು.

ಯುನಿಕ್ಸ್ ಯಂತ್ರಗಳು

1990ರ ದಶಕದಲ್ಲಿ ಎಸ್‌ಸಿಒ ಯುನಿಕ್ಸ್ ಓಡಿಸುತ್ತಿದ್ದ ಕಚೇರಿ ಯಂತ್ರಗಳೂ ಆಗಾಗ ಸಿಗುತ್ತವೆ. ಇಲ್ಲಿ ಎಫ್‌ಎಸ್‌ಸಿಕೆ ಎಂಬ ಒಂದೇ ಆಜ್ಞೆ ಬ್ಲಾಕುಗಳು, ಹಾದಿಗಳು, ಸಂಪರ್ಕ, ಕೊಂಡಿಗಳ ಎಣಿಕೆ ಮತ್ತು ಖಾಲಿ ಪಟ್ಟಿ ಎಂಬ ಐದು ಹಂತಗಳಲ್ಲಿ ಪರೀಕ್ಷಿಸುತ್ತದೆ. ಮೊದಲು ಮೈನಸ್ ಎನ್ ಕೊಟ್ಟು ಎಲ್ಲಕ್ಕೂ ಇಲ್ಲ ಎಂದು ಹೇಳಿಸಿ ವರದಿಯನ್ನು ಓದಿ. ಎಲ್ಲಕ್ಕೂ ಹೌದು ಎನ್ನುವ ಮೈನಸ್ ವೈ ಪ್ರತಿಯ ಮೇಲೆ ಮಾತ್ರ. ಹೆಸರು ಕಳೆದುಕೊಂಡ ಫೈಲುಗಳು ಲಾಸ್ಟ್-ಫೌಂಡ್ ಎಂಬ ಡೈರೆಕ್ಟರಿಗೆ ಐನೋಡ್ (ಫೈಲಿನ ವಿವರ ಹಿಡಿದಿಡುವ ನಮೂದು) ಸಂಖ್ಯೆಯನ್ನೇ ಹೆಸರಾಗಿ ಹೊತ್ತು ಬರುತ್ತವೆ. ಡಾಸಿಗಿಂತ ಇಲ್ಲಿ ಅನುಕೂಲ ಹೆಚ್ಚು: ಒಡೆಯ ಯಾರು, ಗಾತ್ರವೆಷ್ಟು, ಕೊನೆಗೆ ತಿದ್ದಿದ್ದು ಎಂದು ಎಂಬುದೆಲ್ಲ ಐನೋಡಿನಲ್ಲೇ ಇರುವುದರಿಂದ ಕಳೆಯುವುದು ಹೆಸರೊಂದೇ. ಹಳೆಯ ಆವೃತ್ತಿಗಳಲ್ಲಿ ಆ ಡೈರೆಕ್ಟರಿ ಮೊದಲೇ ಇದ್ದು, ಅದರಲ್ಲಿ ಖಾಲಿ ನಮೂದುಗಳೂ ಇರಬೇಕು. ದುರಸ್ತಿಯ ನಡುವೆ ಎಫ್‌ಎಸ್‌ಸಿಕೆ ಅದನ್ನು ಬೆಳೆಸಲಾರದು.

ಯಂತ್ರ ಓಡುತ್ತಿರುವ ರೂಟ್ ಫೈಲ್ ಸಿಸ್ಟಮ್ ಅನ್ನು ತಿದ್ದಿದ ಮೇಲೆ, ಸಿಂಕ್ ಮಾಡದೆ (ನೆನಪಿನಲ್ಲಿರುವುದನ್ನು ಡಿಸ್ಕಿಗೆ ಇಳಿಸದೆ) ಯಂತ್ರವನ್ನು ಮತ್ತೆ ಆರಂಭಿಸು ಎಂಬ ಸಂದೇಶ ಬಂದರೆ ಅದನ್ನು ಅಕ್ಷರಶಃ ಪಾಲಿಸಬೇಕು. ಯಂತ್ರದ ನೆನಪಿನಲ್ಲಿ ಇನ್ನೂ ಹಳೆಯ, ಕೆಟ್ಟ ಲೆಕ್ಕವೇ ಇರುತ್ತದೆ. ಶಿಸ್ತಿನಿಂದ ಸಿಂಕ್ ಕೊಟ್ಟು ಮುಚ್ಚಿದರೆ ಅದು ಈಗಷ್ಟೇ ಸರಿಯಾದ ಡಿಸ್ಕಿನ ಮೇಲೆ ಕೂರುತ್ತದೆ. ರೀಸೆಟ್ ಗುಂಡಿ ಒತ್ತುವುದೇ ಸರಿಯಾದ ನಡೆ ಎನಿಸುವ ಸಂದರ್ಭ ಇದೊಂದೇ.

ಹಿಂದಿರುಗಿಸುವ ಮೊದಲು

ತಟ್ಟೆಯ ಮೇಲ್ಮೈಯನ್ನು ಸೆಕ್ಟರು ಸೆಕ್ಟರಾಗಿ ಪರೀಕ್ಷಿಸುವ ಸರ್ಫೇಸ್ ಸ್ಕ್ಯಾನನ್ನು ಎಲ್ಲಕ್ಕಿಂತ ಕೊನೆಗೆ ಇಡಬೇಕು, ಏಕೆಂದರೆ ಅದು ಮುದಿ ಡಿಸ್ಕನ್ನು ಗಂಟೆಗಟ್ಟಲೆ ದುಡಿಸುತ್ತದೆ. ವಾರ ಬಿಟ್ಟು ಎರಡನೆಯ ಸಲ ಮಾಡಿದಾಗ ಕೆಟ್ಟ ಸೆಕ್ಟರು ಹೆಚ್ಚಾಗಿದ್ದರೆ ಆ ಡಿಸ್ಕಿಗೆ ಇನ್ನು ಯಾವ ಲೆಕ್ಕವನ್ನೂ ಒಪ್ಪಿಸಬೇಡಿ. ಎಸ್‌ಟಿ-225ರಂಥ ಡಿಸ್ಕುಗಳ ಹೆಡ್ಡು ಆರಿಸಿದಾಗ ತಾನಾಗಿ ಬದಿಗೆ ಸರಿಯುವುದಿಲ್ಲ. ಪಾರ್ಕ್ ಎಂಬ ಸಣ್ಣ ಪ್ರೋಗ್ರಾಮನ್ನು ನಡೆಸಿ, ಮತ್ತೆ ಯಾವ ಕೀಲಿಯನ್ನೂ ಮುಟ್ಟದೆ ಸ್ವಿಚ್ಚು ಆರಿಸಿದ ಮೇಲೆಯೇ ಯಂತ್ರವನ್ನು ಎತ್ತಬೇಕು. ಮಂಡಿಯ ಯಂತ್ರವನ್ನು ಹಾಗೆಯೇ ಆರಿಸಿ, ಖಾತೆಗಳನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಗುಮಾಸ್ತರ ಕೈಗೂ ಇನ್ನೊಂದನ್ನು ಯಜಮಾನರ ಕೈಗೂ ಕೊಟ್ಟೆ. ಸೆಟಪ್ಪಿನ ಮೂರು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಯ ಒಳಮೈಗೆ ಅಂಟಿಸಿದೆ.